ಲೆಕ್ಕದ ಯಂತ್ರ ಯಾರದು?
(ಹರಪನಹಳ್ಳಿಯ ಪಾಲಕರ ಸಭೆಯಲ್ಲಿ ಆಡಿದ ಮಾತು)

ಪಾಲಕರೇ, ಕಂಪ್ಯೂಟರ್ ಎಂದರೆ ಗಂಡುಹುಡುಗರ ಓದು ಎನ್ನುತ್ತೀರಿ. ಆ ಹೆಸರು ಮೊದಲು ಯಂತ್ರದ್ದಲ್ಲ, ಕುಳಿತು ಲೆಕ್ಕ ಹಾಕುವವರದು. ಅವರಲ್ಲಿ ಹೆಂಗಸರು ಬಹಳ. 1946ರಲ್ಲಿ ಅಮೆರಿಕ ಜಗತ್ತಿಗೆ ತೋರಿಸಿದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಮ್ ಹೊಂದಿಸಿದವರು ಆರು ಮಂದಿ ಹೆಂಗಸರು.

ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ 1974ರಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದರು. ಹೆಂಗಸರು ಅರ್ಜಿ ಹಾಕಬೇಕಿಲ್ಲವೆಂಬ ಟೆಲ್ಕೊ ಜಾಹೀರಾತು ಕಂಡು, ಸಿಟ್ಟಿನಿಂದ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಕೆಲಸ ಸಿಕ್ಕಿತು!

ಗಂಡು, ಹೆಣ್ಣು ಎರಡಕ್ಕೂ ಸೇರದ ಮಕ್ಕಳೂ ನಮ್ಮಲ್ಲಿದ್ದಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ನಿಜ. ಅದಕ್ಕೂ ಮೊದಲು ಮನೆ ಬಿಟ್ಟು ಭಿಕ್ಷೆ ಬೇಡಿದ್ದರು. ಇನ್ನೊಂದು ಮಗು ಆ ದಾರಿ ತುಳಿಯುವುದೇಕೆ? ಪಿಯುಸಿ ಅರ್ಜಿಯಲ್ಲಿ ಅದು ಕಂಪ್ಯೂಟರ್ ಸೈನ್ಸ್ ಎಂದು ಬರೆದು ತಂದರೆ, ನೀವು ಸಹಿ ಹಾಕಿ.