ಹೊಲಿಗೆ ಯಂತ್ರ ಒಂದು, ಆದಾಯದ ಬಾಬು ಹಲವು



ಗ್ರಾಮದ ದರ್ಜಿಗೆ ಶಾಲೆ ಆರಂಭವಾಗುವ ವೇಳೆಗೆ ಸಮವಸ್ತ್ರ, ಮದುವೆಯ ತಿಂಗಳುಗಳಲ್ಲಿ ರವಿಕೆ ಹೊಲಿಗೆ ಕೈತುಂಬ ಇರುತ್ತದೆ. ಆಷಾಢದಲ್ಲಿ ಯಂತ್ರ ನಿಂತರೂ ಸಾಲದ ಕಂತು ನಿಲ್ಲದು. ಆದ್ದರಿಂದ ಎರಡನೆಯ ಆದಾಯವು ಬಿಡುವಿನ ತಿಂಗಳಿನಲ್ಲಿ ಒದಗುವಂತಿರಬೇಕು. ಸೀರೆಗೆ ಫಾಲ್ ಹಾಕುವುದು, ಹಳೆಯ ಉಡುಪುಗಳ ದುರಸ್ತಿ, ಲೈನಿಂಗ್ ಬಟ್ಟೆ ಹಾಗೂ ದಾರದ ಮಾರಾಟ, ಹೊಲಿಗೆ ತರಬೇತಿ ಇವೆಲ್ಲವೂ ಅದೇ ಅಂಗಡಿಯಲ್ಲಿ ಸಾಧ್ಯ. ಪ್ರತಿ ಬಾಬಿಗೂ ಪ್ರತ್ಯೇಕ ಲೆಕ್ಕವಿಟ್ಟರೆ ಲಾಭ ಯಾವುದು, ಬರಿಯ ದುಡಿಮೆ ಯಾವುದು ಎಂಬುದು ತಿಳಿಯುತ್ತದೆ.

2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ವೃತ್ತಿಯೂ ಸೇರಿದೆ. ಅರ್ಹರಿಗೆ ಮೊದಲ ಹಂತದಲ್ಲಿ 1 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ದೊರೆಯುತ್ತದೆ. ಸಾಲ ಪಡೆಯುವ ಮುನ್ನ, ಆಷಾಢದ ಕಂತನ್ನು ಯಾವ ಬಾಬಿನಿಂದ ಕಟ್ಟಲಾಗುವುದೆಂದು ಬರೆದಿಟ್ಟುಕೊಳ್ಳತಕ್ಕದ್ದು.