ಒಂದು ಕಿವಿ, ಎರಡು ಧ್ವನಿ

ಕಂಪ್ಯೂಟರು ಮಾತನಾಡುತ್ತದೆಂದರೆ ಈಗ ಯಾರೂ ಬೆರಗಾಗುವುದಿಲ್ಲ. ಆದರೆ ಮಾತನಾಡುತ್ತಿದ್ದ ಯಂತ್ರ ನಡುವೆ ಸುಮ್ಮನಾದರೆ ಏನಾಗುತ್ತದೆಂಬುದನ್ನು ನನ್ನಂತಹ ಕಣ್ಣಿಲ್ಲದವರನ್ನು ಕೇಳಬೇಕು. ಧ್ವನಿಮುದ್ರಣಗಳನ್ನು ತಿದ್ದಿ ಹೊಂದಿಸುವುದು ನನ್ನ ಉದ್ಯೋಗ. ಗಮಕವೋ ಹರಿಕಥೆಯೋ ಬಂದರೆ ಅದರೊಳಗಿನ ಕೆಮ್ಮು, ಕುರ್ಚಿಯ ಸಪ್ಪಳ, ಎರಡು ಸಲ ಹೇಳಿದ ಸಾಲು ಇವನ್ನೆಲ್ಲ ತೆಗೆದು, ಕಂಠಕ್ಕೂ ವಾದ್ಯಕ್ಕೂ ಹದವಾದ ಮಟ್ಟ ಕೂಡಿಸಿ ಕೊಡುತ್ತೇನೆ. ಪರದೆಯ ಮೇಲಿನದನ್ನು ನನಗೆ ಓದಿ ಹೇಳುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ. ನನ್ನದು ಎನ್‌ವಿಡಿಎ, ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣರು 2006ರಲ್ಲಿ ಆರಂಭಿಸಿದ್ದು, ಇಂದಿಗೂ ಬೆಲೆಯಿಲ್ಲದೆ ದೊರೆಯುತ್ತದೆ. ಹೀಗಾಗಿ ತಿದ್ದಬೇಕಾದ ಧ್ವನಿ, ದಾರಿ ತೋರುವ ಧ್ವನಿ ಎರಡೂ ಒಂದೇ ಬಾಗಿಲಿನಿಂದ ಒಳಗೆ ಬರಬೇಕು.

ಕಂಪ್ಯೂಟರಿಗೆ ಧ್ವನಿಯೆಂದರೆ ಅಂಕಿಗಳ ಸಾಲು. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಧ್ವನಿಗೆ, ಪ್ರತಿಯೊಂದು ಚಾನೆಲ್ಲಿಗೂ, 44,100 ಅಂಕಿಗಳು ಬೇಕು. ಇವನ್ನು ಬೊಗಸೆ ಬೊಗಸೆಯಾಗಿ ಮುಂದಕ್ಕೆ ದಾಟಿಸುತ್ತಾರೆ. ಆ ಬೊಗಸೆಗೆ ಬಫರ್ ಎಂದು ಹೆಸರು. 256 ಅಂಕಿಗಳ ಬಫರೆಂದರೆ ಹೆಚ್ಚುಕಡಿಮೆ 6 ಮಿಲಿಸೆಕೆಂಡು. ಅಷ್ಟರೊಳಗೆ ಮುಂದಿನ ಬೊಗಸೆ ತುಂಬದಿದ್ದರೆ ಧ್ವನಿ ಚಟಚಟನೆ ಒಡೆಯುತ್ತದೆ. ಹತ್ತಾರು ಟ್ರ್ಯಾಕುಗಳು, ಅವುಗಳ ಮೇಲೆ ಗದ್ದಲ ಕಳೆಯುವ, ಅನುರಣನ ಕೂಡಿಸುವ ಪ್ಲಗಿನ್ನುಗಳು. ಇಷ್ಟನ್ನೂ ಆ ಗಡುವಿನಲ್ಲಿ ಲೆಕ್ಕಹಾಕಿ ಮುಗಿಸಬೇಕು. ಆದುದರಿಂದ ಪ್ರೊಸೆಸರಿನ ಊಟದ ಮನೆಯಲ್ಲಿ ಧ್ವನಿಯ ಕೆಲಸಕ್ಕೆ ಮೊದಲ ಪಂಕ್ತಿ. ಸ್ಕ್ರೀನ್ ರೀಡರು ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕಾಯುತ್ತದೆ.

ಇನ್ನೊಂದು ಸಂಗತಿಯುಂಟು, ಇದು ಬಹಳ ಮಂದಿಗೆ ತಿಳಿಯದು. ಸ್ಕ್ರೀನ್ ರೀಡರು ಸಾಮಾನ್ಯವಾಗಿ ಪರದೆಯ ಚಿತ್ರವನ್ನು ನೋಡಿ ಓದುವುದಿಲ್ಲ. ನಾನು ಬಾಣದ ಕೀಲಿಯೊತ್ತಿದಾಗ ಅದು ಎದುರಿನ ತಂತ್ರಾಂಶವನ್ನೇ ವಿಚಾರಿಸುತ್ತದೆ: ಈಗ ಎಲ್ಲಿದ್ದೇವೆ, ಈ ಗುಂಡಿಯ ಹೆಸರೇನು, ಇದರ ಬೆಲೆಯೆಷ್ಟು ಎಂದು. ಉತ್ತರ ಕೊಡಬೇಕಾದ ಎಳೆ ಅಲೆಯ ಚಿತ್ರಗಳನ್ನು ಬರೆಯುವುದರಲ್ಲೋ ಹೊಸ ಪ್ಲಗಿನ್ನನ್ನು ಎತ್ತಿಕೊಳ್ಳುವುದರಲ್ಲೋ ಮುಳುಗಿದ್ದರೆ, ಕೇಳಿದವನಿಗೆ ಕಾಯುವುದೊಂದೇ ದಾರಿ. ಯಂತ್ರದ ಒಟ್ಟು ದುಡಿಮೆ ಅರ್ಧಕ್ಕೂ ಕಡಿಮೆಯೆಂದು ಮೀಟರು ತೋರಿಸುತ್ತಿರಬಹುದು. ಆ ಒಂದು ಎಳೆ ಮಾತ್ರ ತಲೆಯೆತ್ತಲಾರದೆ ಕುಳಿತಿರುತ್ತದೆ. ಹೊಸ ಕಂಪ್ಯೂಟರು ಕೊಂಡರೆ ಸರಿಹೋಗುತ್ತದೆಂದು ಉಪದೇಶ ಮಾಡುವ ವ್ಯಾಪಾರಿಗಳಿಗೆ ಇದನ್ನು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ.

ಕಣ್ಣುಳ್ಳವರಿಗೆ ಯಂತ್ರ ನಿಧಾನಿಸಿದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತದೆ. ಅದು ಕಾಯಿರಿ ಎನ್ನುವ ಕೈಸನ್ನೆ. ನನಗೆ ಸಿಗುವುದು ಬರಿಯ ಮೌನ. ಯಂತ್ರ ಕೆಲಸದಲ್ಲಿದೆಯೋ, ಕೆಟ್ಟು ನಿಂತಿದೆಯೋ, ಅಥವಾ ಹೇಳುವುದಕ್ಕೆ ಏನೂ ಇಲ್ಲವೋ? ಮೂರು ಮೌನಗಳೂ ಕಿವಿಗೆ ಒಂದೇ. ಉತ್ತರವಿಲ್ಲವೆಂದು ಅಳಿಸುವ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ಎರಡು ಆಜ್ಞೆಗಳೂ ಸಾಲಿನಲ್ಲಿ ನಿಂತು, ಎಚ್ಚರವಾದೊಡನೆ ಯಂತ್ರ ಎರಡನ್ನೂ ನಡೆಸಿಬಿಡುತ್ತದೆ. ಕೆಮ್ಮಿನ ಜೊತೆಗೆ ಪಕ್ಕದ ಆಲಾಪನೆಯ ತುಣುಕೂ ಹೋಗುವುದು ಹೀಗೆ. ಅದನ್ನು ಮರಳಿ ತರಬಹುದು, ನಿಜ. ಹೋದದ್ದು ತಿಳಿದರೆ ತಾನೇ?

ಧ್ವನಿಯ ಸಾಧನಕ್ಕಾಗಿ ನಡೆಯುವ ಜಗಳ ಬೇರೆ ಬಗೆಯದು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಆಸಿಯೋ ಎಂಬ ಏರ್ಪಾಡನ್ನು ತಂದಿತು. ಧ್ವನಿಯ ತಂತ್ರಾಂಶ ಇದರ ಮೂಲಕ ಸೌಂಡ್ ಕಾರ್ಡಿನೊಡನೆ ನಡುವಿನವರ ಹಂಗಿಲ್ಲದೆ ವ್ಯವಹರಿಸುತ್ತದೆ, ತಡ ಕಡಮೆಯಾಗುತ್ತದೆ. ಆದರೆ ಕೆಲವು ಡ್ರೈವರುಗಳು ಕಾರ್ಡನ್ನು ಒಬ್ಬರಿಗೇ ಬರೆದುಕೊಟ್ಟುಬಿಡುತ್ತವೆ. ಆಗ ಸ್ಕ್ರೀನ್ ರೀಡರು ನಿಧಾನವಾಗುವುದಿಲ್ಲ, ಮೂಕವೇ ಆಗುತ್ತದೆ. ಇದಕ್ಕೆ ಮದ್ದು ಸುಲಭ, ಅಗ್ಗ: ಮಾತಿಗೆಂದೇ ಬೇರೊಂದು ಸಣ್ಣ ಯುಎಸ್‌ಬಿ ಕಾರ್ಡು. ನನ್ನ ಮೇಜಿನ ಮೇಲೆ ಎರಡೂ ಇವೆ. ಮಾತು ಎಡಗಿವಿಯ ಪುಟ್ಟ ಇಯರ್‌ಫೋನಿನಲ್ಲಿ, ಸಂಗೀತ ಎದುರಿನ ಸ್ಪೀಕರುಗಳಲ್ಲಿ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನನ್ನು ಈ ಕೆಲಸಕ್ಕೆ ನಾನು ಸೇರಿಸುವುದಿಲ್ಲ. ಅದು ತಾನೇ ತಡಮಾಡುವುದಲ್ಲದೆ, ಸ್ವಲ್ಪ ಮೌನವಿದ್ದರೂ ತೂಕಡಿಸಿ, ಮುಂದಿನ ಮಾತಿನ ಮೊದಲಕ್ಷರವನ್ನು ನುಂಗುವುದುಂಟು.

ಧ್ವನಿಮುದ್ರಿಸುವಾಗ ಬಫರನ್ನು ಕಿರಿದಾಗಿ ಇಟ್ಟುಕೊಳ್ಳಲೇಬೇಕು. ಇಲ್ಲದಿದ್ದರೆ ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ತಡವಾಗಿ ಕೇಳಿ ತಾಳ ಕೆಡುತ್ತದೆ. ಹೊಂದಿಸುವಾಗ ಆ ಅವಸರವಿಲ್ಲ. 1,024ಕ್ಕೆ ಏರಿಸುತ್ತೇನೆ, ಯಂತ್ರ ಉಸಿರಾಡುತ್ತದೆ. ಭಾರವಾದ ಪ್ಲಗಿನ್ನುಳ್ಳ ಟ್ರ್ಯಾಕುಗಳನ್ನು ಒಮ್ಮೆ ಲೆಕ್ಕಹಾಕಿಸಿ ಗಟ್ಟಿಯಾಗಿ ಉಳಿಸಿಕೊಂಡರೆ ಮತ್ತೆ ಮತ್ತೆ ಅದೇ ದುಡಿಮೆ ತಪ್ಪುತ್ತದೆ. ಮನುಷ್ಯರಂತೆಯೇ ಇಂಪಾಗಿ ನುಡಿಯುವ ಹೊಸ ಕೃತಕ ಕಂಠಗಳು ಬಂದಿವೆ; ನಾನು ಮಾತ್ರ ಈಸ್ಪೀಕಿನ ಲೋಹದ ದನಿಯಲ್ಲೇ ಉಳಿದಿದ್ದೇನೆ. ಅದು ಕನ್ನಡವನ್ನೂ ಓದುತ್ತದೆ, ತಿನ್ನುವುದು ಕಡಮೆ, ಕರೆದೊಡನೆ ಓಗೊಡುತ್ತದೆ. ಇಂಪು ಬೇಕಾದಾಗ ಕೇಳುವುದಕ್ಕೆ ಎದುರಿಗೆ ಗಮಕವಿದೆಯಲ್ಲ.

ಎಲ್ಲ ಮುಗಿದ ಮೇಲೆ ಇಡೀ ಮುದ್ರಣವನ್ನು ಒಂದು ಕಡತವಾಗಿ ಎರಕ ಹೊಯ್ಯುವ ಹೊತ್ತು ಬರುತ್ತದೆ. ಆಗ ಪ್ರೊಸೆಸರು ಪೂರ್ತಿ ದುಡಿಯುತ್ತದೆ. ಸ್ಕ್ರೀನ್ ರೀಡರಿನಿಂದ ಮಾತು ಹೊರಡುವುದೇ ಅಪರೂಪ. ಶೇಕಡಾ ಎಷ್ಟಾಯಿತೆಂದು ಅದನ್ನು ನಾನು ಕೇಳುವುದೂ ಇಲ್ಲ. ಪೆಟ್ಟಿಗೆಯೊಳಗಿನ ಫ್ಯಾನು ಭರ್ರೆಂದು ತಿರುಗುತ್ತಿರುತ್ತದೆ. ಅದರ ಸದ್ದು ಇಳಿಯುವವರೆಗೆ ಕೀಲಿಮಣೆಯಿಂದ ಕೈ ತೆಗೆದು ಕುಳಿತಿರುತ್ತೇನೆ.