ನಮ್ಮ ಕಾಗದ ನಿಮಗೆ ತಲುಪಿತೇ?

(ಸಂಘದ ಸಂಸ್ಥಾಪನಾ ದಿನದ ಸಭೆಯಲ್ಲಿ ಪತ್ರವ್ಯವಹಾರ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಸ್ಥಾಪನಾ ದಿನದಂದು ಸಾಹಿತ್ಯ, ಸಂಗೀತ, ನಾಡು-ನುಡಿಗಳ ಬಗ್ಗೆ ಮಾತನಾಡುವುದು ನಮ್ಮಲ್ಲಿ ವಾಡಿಕೆ. ಈ ವರ್ಷ ನಮ್ಮ ಪಾಲಿಗೆ ಬಂದಿರುವುದು ಇ-ಮೇಲ್. ಊಟಕ್ಕೆ ಮೊದಲು ಇಂಥ ಒಣ ವಿಷಯವೇ ಎಂದು ಕೆಲವರ ಮುಖ ಬಾಡಿದ್ದು ಇಲ್ಲಿಂದಲೇ ಕಾಣುತ್ತಿದೆ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಹಳಬರಿಗೆ ನೆನಪಿರಬಹುದು. ವಾರ್ತಾಪತ್ರವನ್ನು ಯಾರದಾದರೂ ಮನೆಯ ಊಟದ ಮೇಜಿನ ಮೇಲೆ ಮಡಿಸಿ, ವಿಳಾಸದ ಚೀಟಿ ಅಂಟಿಸಿ, ಸ್ಟಾಂಪು ಹಚ್ಚುತ್ತಿದ್ದ ಕಾಲವದು. ಚಿತ್ರಾನ್ನ ತಿಂದ ಕೈಯ ಅರಿಸಿನ ಕೆಲವು ಲಕೋಟೆಗಳಿಗೂ ಮೆತ್ತಿಕೊಳ್ಳುತ್ತಿತ್ತು. ಮನೆ ಬದಲಾಯಿಸಿದವರ ಲಕೋಟೆ ಹಿಂದಕ್ಕೆ ಬರುತ್ತಿತ್ತು. ತಲುಪಲಿಲ್ಲವೆಂದಾದರೂ ನಮಗೆ ಗೊತ್ತಾಗುತ್ತಿತ್ತು. ಇ-ಮೇಲಿನಲ್ಲಿ ಈ ಅನುಕೂಲ ಅರ್ಧ ಮಾತ್ರ. ವಿಳಾಸವೇ ಇಲ್ಲದಿದ್ದರೆ ಕಾಗದ ಹಿಂದಿರುಗುತ್ತದೆ. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದರೆ ಯಾರೂ ಸುದ್ದಿ ಹೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಈ ಸಂಘವನ್ನು ಕಟ್ಟಿದ ಹಿರಿಯರೊಬ್ಬರು ತೀರಿಕೊಂಡರು. ಗುರುವಾರ ರಾತ್ರಿಯೇ ಎಲ್ಲ ಮನೆಗಳಿಗೂ ಇ-ಮೇಲ್ ಕಳಿಸಿದೆವು. ಶನಿವಾರ ಬೆಳಿಗ್ಗೆ ಅಂತಿಮ ದರ್ಶನಕ್ಕೆಂದು ಹಾಕಿಸಿದ್ದ ಕುರ್ಚಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿದವು. ಅವರ ಪತ್ನಿ ಏನೂ ಅನ್ನಲಿಲ್ಲ. ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ಮುಂದಿನ ವಾರ ಫೋನುಗಳು ಶುರುವಾದವು. "ಮೂವತ್ತು ವರ್ಷದ ಸ್ನೇಹ ನಮ್ಮದು. ಒಂದು ಮಾತು ಹೇಳಬಾರದಿತ್ತೇನ್ರೀ?" ಹೇಳಿದ್ದೆವು. ಲಾಟರಿ ಹೊಡೆದಿದೆ ಎನ್ನುವ ಕಾಗದಗಳ ನಡುವೆ ನಮ್ಮ ಮಾತು ಬಿದ್ದಿತ್ತು.

ಮೊದಲು ನಾವು ಕಂಪ್ಯೂಟರನ್ನು ಬೈದೆವು. ಆಮೇಲೆ ಕೂತು ವಿಚಾರಿಸಿದಾಗ ತಪ್ಪು ನಮ್ಮ ಅಂಗಳದಲ್ಲೇ ಕಂಡಿತು.

ನೀವು ಒಂದು ಕಾಗದದ ಮೇಲೆ 'ಸ್ಪ್ಯಾಮ್' ಎಂಬ ಗುಂಡಿ ಒತ್ತಿದರೆ ಅದು ಕಣ್ಣಿಂದ ಮರೆಯಾಗುವುದಷ್ಟೇ ಅಲ್ಲ, ಕಳಿಸಿದವರ ಹೆಸರಿನಲ್ಲಿ ಒಂದು ದೂರು ಬರೆಯಲಾಗುತ್ತದೆ. ದೂರುಗಳು ಕೂಡುತ್ತ ಹೋದರೆ ಆ ಕಳಿಸುವವರ ಕಾಗದಗಳು, ಬೇಕೆನ್ನುವವರ ಮನೆಗೂ, ನೇರ ಸ್ಪ್ಯಾಮಿಗೇ ಹೋಗತೊಡಗುತ್ತವೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಇದಕ್ಕೆ ಲೆಕ್ಕವನ್ನೇ ಕಟ್ಟಿವೆ: ದೂರು ಶೇಕಡಾ 0.3ಕ್ಕಿಂತ ಕೆಳಗೇ ಇರಬೇಕು. 0.1ರ ಒಳಗಿದ್ದರೆ ಕ್ಷೇಮ ಎನ್ನುತ್ತದೆ ಗೂಗಲ್. ಎಂದರೆ ಸಾವಿರ ಕಾಗದಕ್ಕೆ ಮೂವರು ಒತ್ತಿದರೆ ಕೆಟ್ಟೆವು. (ನಮ್ಮ ಸಂಘದಲ್ಲಿ ಸಾವಿರಕ್ಕೆ ಮೂವರು ಮಾತ್ರ ಮುನಿಸಿಕೊಂಡರೆ ಅಧ್ಯಕ್ಷರು ಹೋಳಿಗೆ ಊಟ ಹಾಕಿಸಿಯಾರು.) ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಇನ್ನೂ ಬಿಗಿಯಾದ ನಿಯಮಗಳಿವೆ. ನಾವು ಅಷ್ಟು ದೊಡ್ಡವರಲ್ಲ. ಆದರೆ ಈ ದೂರಿನ ಮಿತಿ ಚಿಕ್ಕವರನ್ನೂ ಬಿಟ್ಟಿಲ್ಲ.

ಹಾಗಾದರೆ ಒತ್ತಿದವರು ಯಾರು? ಶತ್ರುಗಳಲ್ಲ, ಇಲ್ಲಿ ಕುಳಿತಿರುವ ನಾವೇ. ಬಳಗದ ಒಬ್ಬರನ್ನು ಕೇಳಿದಾಗ, "ಅಯ್ಯೋ, ಅಳಿಸಿಹಾಕೋದಕ್ಕೆ ಅಂತ ಒತ್ತಿದೆ ಸಾರ್, ದೂರು ಅಂತ ಯಾರಿಗೆ ಗೊತ್ತು!" ಎಂದರು. ಅವರನ್ನು ದೂರುವಂತೆಯೂ ಇರಲಿಲ್ಲ. ಯುಗಾದಿಯ ಕರೆಯೋಲೆ ಒಂದಾದರೆ ಪ್ರಾಯೋಜಕರ ಮನೆ ಮಾರಾಟದ ಜಾಹೀರಾತು ಮೂರು. ಎಂದೋ ಪಿಕ್‌ನಿಕ್ಕಿಗೆ ಬಂದು ಹೆಸರು ಬರೆದುಕೊಟ್ಟವರು ಬೇರೆ ರಾಜ್ಯಕ್ಕೆ ಹೋಗಿ ವರ್ಷಗಳಾದರೂ ನಮ್ಮ ಪಟ್ಟಿಯಲ್ಲಿದ್ದರು. ಬೇಡವೆನ್ನಲು ಅಡಿಯಲ್ಲಿ ಸಾಸಿವೆಯಷ್ಟು ಅಕ್ಷರ. ಅದನ್ನು ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಹೊರಗೆ ಹೋಗುವ ಬಾಗಿಲನ್ನು ಮುಚ್ಚಿ, ಕಿಟಕಿ ಹಾರಿದರೆಂದು ಕೋಪಿಸಿಕೊಂಡರೆ ಹೇಗೆ?

ಇಂಥ ದೂರು ಹೊಸದೂ ಅಲ್ಲ. 1978ರಲ್ಲಿ ಗ್ಯಾರಿ ಥರ್ಕ್ ಎಂಬವರು ತಮ್ಮ ಕಂಪನಿಯ ಕಂಪ್ಯೂಟರಿನ ಜಾಹೀರಾತನ್ನು ಅಂದಿನ ಅರ್ಪಾನೆಟ್ಟಿನ ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿ ಬೈಸಿಕೊಂಡಿದ್ದರು.

ದೂರುಗಳನ್ನು ಗಮನಿಸುವ ದಾರಿಗಳಿವೆಯೆಂದು ನಮಗೆ ಆಗಲೇ ತಿಳಿದದ್ದು. ಯಾಹೂವಿನಲ್ಲಿ ನೋಂದಾಯಿಸಿಕೊಂಡರೆ ದೂರು ಕೊಟ್ಟ ಪ್ರತಿಯೊಂದು ಕಾಗದದ ವರದಿ ಬರುತ್ತದೆ. ಆ ಹೆಸರನ್ನು ಕೂಡಲೇ ಪಟ್ಟಿಯಿಂದ ತೆಗೆಯಬಹುದು. ಗೂಗಲ್ ಹೆಸರು ಹೇಳುವುದಿಲ್ಲ. ಅದರ ಪೋಸ್ಟ್‌ಮಾಸ್ಟರ್ ಟೂಲ್ಸ್ ಎಂಬ ಉಚಿತ ಪುಟದಲ್ಲಿ ದಿನದಿನದ ಶೇಕಡಾವಾರು ಮಾತ್ರ ಕಾಣುತ್ತದೆ, ಅದೂ ಸಾಕಷ್ಟು ಕಾಗದ ಕಳಿಸಿದ ದಿನಗಳದ್ದು. ಇಲ್ಲಿ ನಾವೊಮ್ಮೆ ಮೋಸಹೋದೆವು. ಒಂದು ವಾರ ಅಂಕಿ ಸೊನ್ನೆ! ಸಿಹಿ ಹಂಚುವುದೊಂದು ಬಾಕಿ. ಆಮೇಲೆ ಅರ್ಥವಾಯಿತು: ಆ ಲೆಕ್ಕ ಇನ್‌ಬಾಕ್ಸಿಗೆ ತಲುಪಿದ ಕಾಗದಗಳ ಮೇಲಿನದು. ನೇರವಾಗಿ ಸ್ಪ್ಯಾಮಿಗೇ ಬಿದ್ದದ್ದನ್ನು ಯಾರೂ ನೋಡುವುದಿಲ್ಲ, ನೋಡದವರು ದೂರುವುದೂ ಇಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಂಘದ ಕಾಗದಗಳು ಕಾರ್ಯದರ್ಶಿಗಳ ಸ್ವಂತ ಉಚಿತ ವಿಳಾಸದ ಹೆಸರಿನಲ್ಲಿ, ಬೇರೊಂದು ಸೇವೆಯ ಮೂಲಕ ಹೋಗುತ್ತಿದ್ದವು. ಪಡೆಯುವವರ ಕಂಪ್ಯೂಟರಿಗೆ ಇದು ಕಳ್ಳರುಜುವಿನಂತೆ ಕಾಣುತ್ತದೆ. ಈಗ ಸಂಘದ ಹೆಸರಿನದೇ ವಿಳಾಸವಿದೆ. ಯಾವ ಯಂತ್ರ ನಮ್ಮ ಪರವಾಗಿ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್, ಕಾಗದಕ್ಕೆ ಮುದ್ರೆಯೊತ್ತುವ ಡಿಕಿಮ್, ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್, ಮೂರನ್ನೂ ನಮ್ಮ ಯುವಕರು ಒಂದು ಭಾನುವಾರ ಕೂತು ಸರಿಮಾಡಿದರು. ಅವರಿಗೆ ಒಂದು ಚಪ್ಪಾಳೆ ಇರಲಿ.

ನಿಜವಾದ ಜಗಳವಾದದ್ದು ಪಟ್ಟಿಯನ್ನು ಜಾಲಿಸುವಾಗ. "ಬೇಕೋ ಬೇಡವೋ" ಎಂದು ಎಲ್ಲರನ್ನೂ ಕೇಳೋಣ, ಉತ್ತರ ಬಾರದ ಹಳೆಯ ಹೆಸರುಗಳನ್ನು ಬಿಡೋಣ ಎಂದೆವು. "ಸಂಖ್ಯೆ ಇಳಿದರೆ ಪ್ರಾಯೋಜಕರಿಗೆ ಏನು ಹೇಳೋಣ?" ಎಂದು ಸಮಿತಿಯಲ್ಲಿ ಮಾತು ಬೆಳೆಯಿತು. ಇಳಿಯಲಿ ಎಂದೇ ನಮ್ಮ ಪಟ್ಟು. ಓದದವರ ಹೆಸರು ಸೇರಿಸಿ ಉಬ್ಬಿಸಿದ ಪಟ್ಟಿ ಓದುವವರ ಬಾಗಿಲನ್ನೂ ಮುಚ್ಚಿಸುತ್ತದೆ. ಕೊನೆಗೆ ಒಪ್ಪಿದರು. ಜಾಹೀರಾತಿಗೆ ಬೇರೆ ಪಟ್ಟಿ, ಬೇರೆ ವಿಳಾಸ; ಕೇಳಿದವರಿಗೆ ಮಾತ್ರ. ಹಬ್ಬ ಮತ್ತು ಕಾರ್ಯಕ್ರಮಕ್ಕೆ ಒಂದು. ತುರ್ತು ಸುದ್ದಿಗೆ ಇನ್ನೊಂದು. ಬೇಡವೆನ್ನಲು ಮೇಲ್ಗಡೆಯೇ ಒಂದು ಗುಂಡಿ, ಒಮ್ಮೆ ಒತ್ತಿದರೆ ಸಾಕು. ದಯವಿಟ್ಟು ಅದನ್ನೇ ಒತ್ತಿ, ನಾವು ಮುನಿಸಿಕೊಳ್ಳುವುದಿಲ್ಲ. ನಮ್ಮ ಕಾಗದ ಸ್ಪ್ಯಾಮಿನಲ್ಲಿ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿದರೆ ಉಪಕಾರ.

ಸಾವಿನ ಸುದ್ದಿಗೆ ಮಾತ್ರ ಇ-ಮೇಲೊಂದನ್ನೇ ನಂಬಿಲ್ಲ. ಹಳೆಯ ಫೋನ್ ಸರಪಣಿಯನ್ನು ಮತ್ತೆ ತೆಗೆದಿದ್ದೇವೆ, ಒಬ್ಬೊಬ್ಬರು ಹತ್ತು ಮನೆಗೆ. ಆ ಹಿರಿಯರ ಪತ್ನಿ ಇಂದು ಈ ಸಭೆಯಲ್ಲಿದ್ದಾರೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ. ಎಲ್ಲರ ಎದುರಿಗೂ ಕೇಳುತ್ತೇವೆ. ಸರಪಣಿಯ ಮೊದಲ ಹತ್ತು ಮನೆಗಳನ್ನು ತಾವೇ ವಹಿಸಿಕೊಂಡಿದ್ದಾರೆ, ಆ ತಾಯಿ.

ಊಟದ ಹಾಲಿನ ಬಾಗಿಲಲ್ಲಿ ಒಂದು ಮೇಜು ಹಾಕಿದ್ದೇವೆ. ನಿಮ್ಮ ಹೆಸರು, ವಿಳಾಸ, ಯಾವ ಪಟ್ಟಿ ಬೇಕು, ಯಾವುದು ಬೇಡ, ಬರೆದುಕೊಟ್ಟು ಹೋಗಿ. ಪೆನ್ನು ಮಾತ್ರ ಅಲ್ಲೇ ಬಿಡಿ.